ಮುಟ್ಟಿ ನೋಡುವ ಯಂತ್ರ

ಪ್ರಶ್ನೆ: ರಾಮನಗರದಲ್ಲಿ ರೇಷ್ಮೆ ಬಿಚ್ಚುವ ಆಟೋಮ್ಯಾಟಿಕ್ ಯಂತ್ರ ನೋಡಿದೆ. ಹೊಸ ಗೂಡು ಹಾಕಬೇಕೆಂದು ಅದಕ್ಕೆ ಹೇಗೆ ತಿಳಿಯುತ್ತದೆ? ನೂಲು ಒಮ್ಮೊಮ್ಮೆ ದಪ್ಪ, ಒಮ್ಮೊಮ್ಮೆ ಸಣ್ಣ ಬರುವುದೇಕೆ?
– ಓದುಗರೊಬ್ಬರು, ಕನಕಪುರ

ಉತ್ತರ: ಯಂತ್ರ ಗೂಡು ಎಣಿಸುವುದಿಲ್ಲ, ನೂಲನ್ನು ಮುಟ್ಟಿ ನೋಡುತ್ತದೆ. ಒಂದು ಗೂಡಿನ ಎಳೆ ಸುಮಾರು 2ರಿಂದ 3 ಡೆನಿಯರ್. ಅಂದರೆ 9,000 ಮೀಟರ್ ಎಳೆಯ ತೂಕ ಅಷ್ಟು ಗ್ರಾಂ. 20/22 ಡೆನಿಯರ್ ನೂಲಿಗೆ ಎಂಟು-ಹತ್ತು ಗೂಡುಗಳ ಎಳೆ ಕೂಡಬೇಕು. ಆದರೆ ಒಳಪದರಕ್ಕೆ ಹೋದಂತೆ ಎಳೆ ತೆಳುವಾಗುವುದರಿಂದ ಬರೀ ಎಣಿಕೆ ಸಾಲದು.

ಹಾಗಾಗಿ ನೂಲನ್ನು ಎರಡು ಗಾಜಿನ ಬಿಲ್ಲೆಗಳ ನಡುವಿನ ಕಿರುಸಂದಿಯಲ್ಲಿ ಹಾಯಿಸುತ್ತಾರೆ. ನೂಲು ತೆಳುವಾದರೆ ಉಜ್ಜಾಟ ಕಡಿಮೆಯಾಗಿ ಬಿಲ್ಲೆಗಳಿಗೆ ಜೋಡಿಸಿದ ಸನ್ನೆಕೋಲು ವಾಲುತ್ತದೆ. ಆ ಸೂಚನೆ ಸಿಕ್ಕೊಡನೆ ಒಂದು ಗೂಡು ಬೀಳುತ್ತದೆ.

ಸಂದಿಯಲ್ಲಿ ರೇಷ್ಮೆಯ ಅಂಟು ಕಟ್ಟಿದರೆ ಉಜ್ಜಾಟ ಹೆಚ್ಚಿ ಯಂತ್ರ ಮೋಸಹೋಗುತ್ತದೆ: ಗೂಡು ಬೀಳದು, ನೂಲು ಸಣ್ಣಗಾಗುತ್ತದೆ. ಸಂದಿ ಸವೆದು ಅಗಲವಾದರೆ ಬೇಡದ ಗೂಡು ಬಿದ್ದು ದಪ್ಪವಾಗುತ್ತದೆ. ಬಿಚ್ಚುವ ಮೊದಲು ಗೂಡು ಸರಿಯಾಗಿ ಬೇಯದಿದ್ದರೆ ಎಳೆಯ ತುದಿಯೇ ಸಿಗದು. ಬಿದ್ದ ಗೂಡೂ ನೂಲಿಗೆ ಅಂಟದೆ ತೇಲುತ್ತದೆ. ಆದ್ದರಿಂದ ಮೊದಲು ಬಿಲ್ಲೆ ಒರೆಸಿ, ಆಮೇಲೆ ಸಂದಿ ಅಳೆದು, ಕೊನೆಗೆ ಬೇಯಿಸುವ ಹದ ನೋಡಬೇಕು.

ಆಟೋಮ್ಯಾಟಿಕ್ ಅಲ್ಲದ, ‘ಕಾಟೇಜ್ ಬೇಸಿನ್’ ಎಂಬ ನೂಲು ಬಿಚ್ಚುವ ಸಾಧನದಲ್ಲಾದರೆ ಇಷ್ಟೆಲ್ಲವನ್ನೂ ಕೆಲಸದವರ ಕಣ್ಣು, ಬೆರಳುಗಳೇ ಮಾಡುತ್ತವೆ.