ಕೃಶಕಾಯದಲ್ಲಿ ಅಡಗಿದ ಮೇದಸ್ಸು

ಮಗು ದುಂಡಗಿದ್ದರೆ ಆರೋಗ್ಯ, ಸಣಕಲಾಗಿದ್ದರೆ ಕೊರತೆ ಎಂಬುದು ನಮ್ಮ ಜನದ ಬಹುಕಾಲದ ಎಣಿಕೆ. ಚರಕಸಂಹಿತೆಯಾದರೋ ಅಷ್ಟನಿಂದಿತರನ್ನು ಹೇಳುವಲ್ಲಿ ಅತಿಸ್ಥೂಲನನ್ನೂ ಅತಿಕೃಶನನ್ನೂ ಒಟ್ಟಿಗೇ ಹೆಸರಿಸಿ, ಇವರಿಬ್ಬರಲ್ಲಿ ಸ್ಥೂಲನ ಚಿಕಿತ್ಸೆಯೇ ಹೆಚ್ಚು ಕಷ್ಟಸಾಧ್ಯವೆನ್ನುತ್ತದೆ. ಈ ಎರಡೂ ಲಕ್ಷಣಗಳು ಒಂದೇ ಶರೀರದಲ್ಲಿ ಕೂಡಿರಬಹುದೆಂಬುದಕ್ಕೆ ಮೈಸೂರು ನಗರದ ಒಂದು ಆಸ್ಪತ್ರೆಯೇ ಸಾಕ್ಷ್ಯವೊದಗಿಸಿದೆ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1906ರಲ್ಲಿ ಸ್ಥಾಪಿತವಾಯಿತು. 1934ರಿಂದ ಅಲ್ಲಿ ಜನಿಸಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡುವ ಪದ್ಧತಿ ನಡೆದುಬಂದಿತು. ಹಾಗೆ ದಾಖಲಾದ ಶಿಶುಗಳಲ್ಲಿ 517 ಮಂದಿಯನ್ನು ನಡುವಯಸ್ಸು ದಾಟುವ ವೇಳೆಗೆ ಹುಡುಕಿ ಪರೀಕ್ಷಿಸಿದ ಫಲ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋಗ್ರಾಂ ಮೀರಿದ್ದವರಲ್ಲಿ ನೂರಕ್ಕೆ ಮೂವರಿಗೆ ಮಾತ್ರ.

1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರನ್ನು ಆಯ್ದು, ಅವರ ಮಕ್ಕಳನ್ನು ಹುಟ್ಟಿದಂದಿನಿಂದ ಗಮನಿಸುತ್ತ ಬರಲಾಯಿತು. ಆ ಶಿಶುಗಳು ಆಂಗ್ಲ ಶಿಶುಗಳಿಗಿಂತ ಗಾತ್ರದಲ್ಲಿ ಕಿರಿದು, ತೂಕದಲ್ಲಿ ಹಗುರ. ಆದರೆ ಬೆನ್ನಿನ ಹೆಗಲಮೂಳೆಯ ಕೆಳಗಿನ ಚರ್ಮವನ್ನು ಮಡಿಸಿ ಅಳೆದಾಗ ಅಲ್ಲಿನ ಮೇದಸ್ಸು ಬಹುಮಟ್ಟಿಗೆ ಸಮಸಮ. ಮಾಂಸ ಕಡಿಮೆ, ಮೇದಸ್ಸು ಉಳಿದಿದೆ ಎಂದಾಯಿತು. ನಾಲ್ಕನೆಯ ವರ್ಷದಲ್ಲಿಯೂ ಅದು ಕುಗ್ಗಲಿಲ್ಲ. ಗರ್ಭಕಾಲದಲ್ಲಿ ಮಧುಮೇಹವಿದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವರ್ಷಕ್ಕೇ ಮೇದಸ್ಸು ಅಧಿಕವಾಗಿ ಕಂಡು, ಒಂಬತ್ತೂವರೆ ವರ್ಷದ ವೇಳೆಗೆ ಆ ಅಂತರ ಇನ್ನೂ ಹಿಗ್ಗಿತು.

ಬರಿಗಣ್ಣಿನ ತೀರ್ಮಾನ ಇಲ್ಲಿ ಸಲ್ಲದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು 2015-16ರಲ್ಲಿ ನೂರಕ್ಕೆ 2.1 ಇದ್ದವರು 2019-21ರಲ್ಲಿ 3.4 ಆದರು, ಅದೇ ಸಮೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ನೂರಕ್ಕೆ 35ಕ್ಕೂ ಮಿಗಿಲು. ಕೊರತೆ ನೀಗದಿರುವಾಗಲೇ ಅತಿರೇಕವೂ ಬಂದು ಕುಳಿತಿದೆ. ಹಳ್ಳಿಯಿಂದ ನಡೆದು ಶಾಲೆಗೆ ಬರುತ್ತಿದ್ದ ಮನೆತನದ ಮಕ್ಕಳು ಇಂದು ಬಸ್ಸಿನಲ್ಲಿ ಬರುತ್ತಾರೆ. ರಾಗಿಮುದ್ದೆ, ಸೊಪ್ಪಿನ ಸಾರು ಕಂಡ ನಾಲಗೆ ಬೇಕರಿಯ ತಿನಿಸಿಗೂ ಬಾಟಲಿಯ ಸಿಹಿನೀರಿಗೂ ಒಲಿದಿದೆ. ಹುಟ್ಟಿನಿಂದಲೇ ಮಾಂಸ ಕಡಿಮೆಯಿರುವ ಮೈಗೆ ಇಂತಹ ಆಹಾರ ಮೇದಸ್ಸನ್ನೇ ಕೂಡಿಸುತ್ತದೆ.

ಪ್ರಸಾದನಿಲಯದ ಪಂಕ್ತಿಯಲ್ಲಿ ಈ ಇಬ್ಬಗೆಯ ಮಕ್ಕಳೂ ಅಕ್ಕಪಕ್ಕ ಕುಳಿತಿರುತ್ತಾರೆ. ಇಬ್ಬರಿಗೂ ಬೇಕಾದುದು ಬೇಳೆ, ಕಾಳು, ಹಾಲು, ಸೊಪ್ಪು, ಸಂಜೆಯ ಆಟ. ಸಣಕಲನಿಗೆ ಸಕ್ಕರೆ ತುಪ್ಪ ತುಂಬಿ ದುಂಡಗೆ ಮಾಡುವುದು ಪೋಷಣೆಯಲ್ಲ. ದಪ್ಪಗಿರುವವನನ್ನು ಉಪವಾಸ ಕೆಡಹುವುದೂ ಅಲ್ಲ. ಪುಣ್ಯತಿಥಿಗೆ ಸಿಹಿ ಹಂಚುವ ದಾನಿಗಳು ಮುನಿಯದಿದ್ದರೆ ಒಂದು ಮಾತು: ಒಂದು ಹೊತ್ತಿನ ಹೋಳಿಗೆಯ ವೆಚ್ಚದಲ್ಲಿ ಶಾಲೆಗೆ ತೂಕದ ಯಂತ್ರವೂ ಎತ್ತರದ ಅಳತೆಗೋಲೂ ಬಂದಾವು. ಅಧ್ಯಾಪಕರು ವರ್ಷಕ್ಕೆರಡು ಬಾರಿ ಅಳೆದು ಒಂದೇ ಪುಸ್ತಕದಲ್ಲಿ ಬರೆದಿಟ್ಟರೆ, ಎತ್ತರ ನಿಂತು ತೂಕ ಮಾತ್ರ ಏರುವ ಮಗು ಯಾವುದೆಂದು ಆ ಪುಟವೇ ಹೇಳುತ್ತದೆ. ಹೆಣ್ಣುಮಕ್ಕಳ ಪುಟಗಳನ್ನು ಇನ್ನಷ್ಟು ಎಚ್ಚರದಿಂದ ನೋಡತಕ್ಕದ್ದು. 1998ರಲ್ಲಿ ಮಿಷನ್ ಆಸ್ಪತ್ರೆಯಲ್ಲಿ ತೂಗಿಸಿಕೊಂಡ ಹೆಣ್ಣುಶಿಶುಗಳು ಈಗ ತಾವೇ ತಾಯಂದಿರಾಗುವ ವಯಸ್ಸಿನವರು.