ಮೊದಲು ಲೆಕ್ಕ, ಆಮೇಲೆ ಸೂತ್ರ

ಹೈಸ್ಕೂಲಿನ ಗಣಿತ ಪಾಠ ಬಹುತೇಕ ಕಡೆ ಒಂದೇ ಜಾಡಿನಲ್ಲಿ ಸಾಗುತ್ತದೆ. ಮೊದಲು ಸೂತ್ರ, ಆಮೇಲೆ ಬೋರ್ಡಿನ ಮೇಲೆ ಎರಡು ಮಾದರಿ, ಅದರ ಹಿಂದೆ ಅಭ್ಯಾಸದ ಲೆಕ್ಕಗಳು. ವಾಕ್ಯರೂಪದ ಲೆಕ್ಕದ ಸರದಿ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಈ ಕ್ರಮವನ್ನು ತಿರುಗಿಸಿದರೆ ಪಾಠ ಹೇಗೆ ನಡೆಯುತ್ತದೆ ಎಂಬುದಕ್ಕೆ ಹತ್ತನೇ ತರಗತಿಯ ವರ್ಗ ಸಮೀಕರಣವನ್ನೇ ತೆಗೆದುಕೊಳ್ಳೋಣ.

ಪ್ರಶ್ನೆ ಇದು: ಉದ್ದನೆಯ ಗೋಡೆಗೆ ತಾಗಿದಂತೆ ಆಯತಾಕಾರದ ಕೈತೋಟ ಮಾಡಬೇಕು. ಗೋಡೆಯ ಬದಿಗೆ ಬೇಲಿ ಬೇಡ. ಉಳಿದ ಮೂರು ಬದಿಗೆ ಸೇರಿ 40 ಮೀಟರ್ ಬೇಲಿ ಇದೆ. ತೋಟ 150 ಚದರ ಮೀಟರ್ ಇರಬೇಕಾದರೆ ಅಗಲ ಎಷ್ಟಿರಬೇಕು?

ಸೂತ್ರದ ಮಾತನ್ನೇ ಎತ್ತಬೇಡಿ. ಮಕ್ಕಳು ಚಿತ್ರ ಬರೆಯಲಿ, ಅಂದಾಜು ಮಾಡಲಿ. ಅಗಲ 8 ಎಂದರೆ ಉದ್ದ 24, ವಿಸ್ತೀರ್ಣ 192, ಜಾಸ್ತಿಯಾಯಿತು. 10 ಎಂದರೆ 200, ಇನ್ನೂ ಜಾಸ್ತಿ. 5ಕ್ಕೆ ಸರಿಯಾಗಿ 150 ಬರುತ್ತದೆ. ಅಷ್ಟರಲ್ಲಿ ಇನ್ನೊಂದು ಬೆಂಚಿನಲ್ಲಿ 15ಕ್ಕೂ 150 ಸಿಕ್ಕಿರುತ್ತದೆ. ಒಂದೇ ಪ್ರಶ್ನೆಗೆ ಎರಡು ಉತ್ತರವೇ? ವರ್ಗ ಸಮೀಕರಣಕ್ಕೆ ಎರಡು ಮೂಲಗಳಿರುತ್ತವೆ ಎಂದು ಬಾಯಿಪಾಠ ಮಾಡಿಸುವ ಸಂಗತಿಯನ್ನು ತರಗತಿ ತಾನೇ ಕಂಡುಕೊಂಡಿರುತ್ತದೆ.

ಈಗ ಅಗಲಕ್ಕೆ 'ಅ' ಎಂದು ಹೆಸರಿಡಿ: ಅ(40 − 2ಅ) = 150. ಮೂಲ ಕೌಶಲದ ಕೊರತೆ ಹೊರಬೀಳುವುದು ಇಲ್ಲಿಯೇ. ಆವರಣ ಬಿಡಿಸಿ 40ಅ − 2ಅ² ಎಂದು ಬರೆದ ಹುಡುಗ ಮರುಸಾಲಿನಲ್ಲಿ ಅದನ್ನು 38ಅ ಮಾಡಿಬಿಡುತ್ತಾನೆ. ಲೆಕ್ಕವನ್ನು ಅಲ್ಲೇ ನಿಲ್ಲಿಸಿ. ಸಜಾತಿ, ವಿಜಾತಿ ಪದಗಳ ಮೇಲೆ ಐದು ನಿಮಿಷ ಚುರುಕಾಗಿ ಅಭ್ಯಾಸ ಮಾಡಿಸಿ, ಮತ್ತೆ ತೋಟಕ್ಕೆ ಬನ್ನಿ. ಸಮೀಕರಣ ಅ² − 20ಅ + 75 = 0 ಆಗುತ್ತದೆ. ಕೂಡಿದರೆ 20, ಗುಣಿಸಿದರೆ 75 ಆಗುವ ಸಂಖ್ಯೆಗಳು ಬೇಕು. ಮಗ್ಗಿ ಬಾರದವರು ಇಲ್ಲಿ ತಡವರಿಸುತ್ತಾರೆ.

ಮಗ್ಗಿ ಹಳೆಯ ಕಾಲದ್ದು, ತಿಳಿವಳಿಕೆ ಇದ್ದರೆ ಸಾಕು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮನಸ್ಸು ಏಕಕಾಲಕ್ಕೆ ಹಿಡಿದಿಟ್ಟುಕೊಳ್ಳುವ ಸಂಗತಿಗಳು ಕೆಲವೇ. ಗುಣಾಕಾರಕ್ಕೇ ತಿಣುಕಿದರೆ, ಯಾಕೆ ಗುಣಿಸುತ್ತಿದ್ದೆವು ಎಂಬುದೇ ಮರೆತುಹೋಗುತ್ತದೆ. ಹಾಗೆಂದು ಬರೀ ಮಗ್ಗಿ, ಬರೀ ಅಪವರ್ತನ ಮಾಡಿಸಿ ಕೂರಿಸಿದರೆ ಅದು ಎಲ್ಲಿ ಬೇಕಾಗುತ್ತದೆಂದು ಮಕ್ಕಳಿಗೆ ಗೊತ್ತೇ ಆಗುವುದಿಲ್ಲ.

ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಲೆಕ್ಕ ಬಿಡಿಸುವುದಕ್ಕೆ ನಾಲ್ಕು ಹಂತ ಹೇಳಿದ್ದಾರೆ: ಅರ್ಥಮಾಡಿಕೊಳ್ಳುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಹಿಂದಿರುಗಿ ನೋಡುವುದು. ನಮ್ಮಲ್ಲಿ ತಪ್ಪಿಹೋಗುವುದು ಕೊನೆಯದು. ಉತ್ತರದ ಕೆಳಗೆ ಗೆರೆ ಎಳೆದರೆ ಲೆಕ್ಕ ಮುಗಿಯಿತು! ಅದರ ಬದಲು ಕೇಳಿ: 220 ಚದರ ಮೀಟರಿನ ತೋಟ ಆದೀತೇ? ಆಗ ಸಮೀಕರಣ ಅ² − 20ಅ + 110 = 0. ಶೋಧಕ 400 − 440, ಅಂದರೆ ಋಣ ಸಂಖ್ಯೆ; ಆದ್ದರಿಂದ ವಾಸ್ತವ ಮೂಲವಿಲ್ಲ. ಅಂದಾಜಿನ ಪಟ್ಟಿಯನ್ನು ಪೂರ್ತಿ ಮಾಡಿದವರಿಗೆ ವಿಸ್ತೀರ್ಣ 200 ದಾಟುವುದಿಲ್ಲವೆಂದು ಮೊದಲೇ ಕಂಡಿರುತ್ತದೆ.

ಲೆಕ್ಕದ ಮೂಲಕ ಗಣಿತ ಕಲಿಸುವುದು ಈ ನೆಲಕ್ಕೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ನಿಯಮಗಳ ಜೊತೆಗೇ ಲೆಕ್ಕಗಳನ್ನು ಕೊಟ್ಟಿದ್ದಾನೆ. ಹನ್ನೆರಡನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ.

ಮನೆಗೆಲಸ ಕೊಡುವಾಗಲೂ ಒಂದು ಬದಲಾವಣೆ ಬೇಕು. ವರ್ಗ ಸಮೀಕರಣದ ಅಧ್ಯಾಯದ ಕೊನೆಯಲ್ಲಿರುವ ಲೆಕ್ಕ ಯಾವ ವಿಧಾನದ್ದೆಂದು ಶೀರ್ಷಿಕೆಯೇ ಹೇಳಿಬಿಡುತ್ತದೆ. ಪರೀಕ್ಷೆಯಲ್ಲಿ ಯಾರೂ ಹೇಳುವುದಿಲ್ಲ. ಹಾಗಾಗಿ ಇಂದಿನ ಪಾಠದ ಎರಡು ಲೆಕ್ಕಕ್ಕೆ ಹೋದ ತಿಂಗಳ ಸಮಾಂತರ ಶ್ರೇಢಿಯದೊಂದು, ಎಂಟನೇ ತರಗತಿಯ ಭಿನ್ನರಾಶಿಯದೊಂದು ಬೆರೆಸಿ ಕೊಡಿ.

ಜನವರಿ ಬಂತೆಂದರೆ ಎಸ್ಸೆಸ್ಸೆಲ್ಸಿ ಮಕ್ಕಳ ಕೈಗೆ ಪಾಸಾಗಲು ಬೇಕಾದಷ್ಟನ್ನೇ ಆರಿಸಿಟ್ಟ 'ಪಾಸಿಂಗ್ ಪ್ಯಾಕೇಜ್' ಬರುತ್ತದೆ. ಪರೀಕ್ಷೆಯ ಒತ್ತಡ ಇರುವುದೇ. ಮೇಷ್ಟ್ರುಗಳಲ್ಲಿ ಕೋರಿಕೆ ಇಷ್ಟೇ: ಎಂಟು, ಒಂಬತ್ತನೇ ತರಗತಿಯಲ್ಲಾದರೂ ವಾರಕ್ಕೊಂದು ಪೀರಿಯಡ್ಡನ್ನು ಒಂದೇ ಒಂದು ಲೆಕ್ಕಕ್ಕೆ ಬಿಟ್ಟುಕೊಡಿ.