ನಾಯಿ ತಳಿಯಲ್ಲಿ ರಕ್ತಸಂಬಂಧ: ಎಷ್ಟು ಹತ್ತಿರ, ಎಷ್ಟು ದೂರ?

ಬಾಗಲಕೋಟೆ ಜಿಲ್ಲೆಯ ಮುಧೋಳ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಅನೇಕ ರೈತ ಕುಟುಂಬಗಳು ಮುಧೋಳ ನಾಯಿಯನ್ನು ಸಾಕಿ, ಮರಿಗಳನ್ನು ಮಾರಿ ಉಪ ಆದಾಯ ಪಡೆಯುತ್ತಿವೆ. ಊರಿನಲ್ಲಿ ಒಂದು ಒಳ್ಳೆಯ ಗಂಡುನಾಯಿ ಇದ್ದರೆ ಬೆದೆಗೆ ಬಂದ ಹೆಣ್ಣುನಾಯಿಗಳನ್ನೆಲ್ಲ ಅದರ ಬಳಿಗೇ ತರುವುದು ಸಹಜ. ನಾಲ್ಕೈದು ವರ್ಷಗಳಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಊರ ತುಂಬ ಹರಡುತ್ತವೆ. ಆಮೇಲೆ ಯಾವ ಜೋಡಿ ಮಾಡಿದರೂ ಎರಡೂ ಕಡೆಯಿಂದ ಅದೇ ನಾಯಿಯ ರಕ್ತ ಬರುತ್ತದೆ. ಇದು ತಳಿಗೆ ಹಿತವೋ ಅಹಿತವೋ ಎಂಬುದನ್ನು ಲೆಕ್ಕ ಹಾಕಿಯೇ ಹೇಳಬೇಕು.

ಮರಿಗೆ ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಗುಣಾಣುಗಳು ಬರುತ್ತವೆ. ಅಜ್ಜನ ಪಾಲು ಸರಾಸರಿ ಶೇಕಡಾ 25, ಮುತ್ತಜ್ಜನ ಪಾಲು 12.5 ಮಾತ್ರ. ಹೆಸರುವಾಸಿ ನಾಯಿಯೊಂದು ಮುತ್ತಜ್ಜನಾಗಿತ್ತೆಂದು ಮರಿಗೆ ಹೆಚ್ಚು ಬೆಲೆ ಕೊಡುವವರು ಇದನ್ನು ನೆನಪಿಡುವುದು ಒಳ್ಳೆಯದು. ಈ ಪಾಲು ಕರಗಿ ಹೋಗದಂತೆ, ಅದೇ ಪೂರ್ವಜನಿಗೆ ಸಂಬಂಧಪಟ್ಟ ಗಂಡು ಹೆಣ್ಣುಗಳನ್ನು ಆರಿಸಿ ಕೂಡಿಸುವ ಪದ್ಧತಿಗೆ ಲೈನ್ ಬ್ರೀಡಿಂಗ್ ಎನ್ನುತ್ತಾರೆ. ಉದಾಹರಣೆಗೆ, ಒಂದೇ ಗಂಡುನಾಯಿಗೆ ಬೇರೆ ಬೇರೆ ತಾಯಂದಿರಲ್ಲಿ ಹುಟ್ಟಿದ ಮಗ ಮತ್ತು ಮಗಳನ್ನು ಕೂಡಿಸಿದರೆ, ಹುಟ್ಟುವ ಮರಿಯಲ್ಲಿ ಆ ಅಜ್ಜನ ಪಾಲು ಮತ್ತೆ 50ಕ್ಕೆ ಏರುತ್ತದೆ. ಅಂದರೆ ಅಜ್ಜ ತೀರಿಹೋಗಿದ್ದರೂ ಅವನದೇ ಮರಿಯಷ್ಟು ಪಾಲು ದೊರೆಯುತ್ತದೆ. ಲಾಭ ಇರುವುದು ಇಷ್ಟರಲ್ಲಿಯೇ. ಆದರೆ ಅಜ್ಜನ ಒಳ್ಳೆಯ ಗುಣದೊಡನೆ ಅವನಲ್ಲಿ ಅಡಗಿದ್ದ ದೋಷವೂ ಎರಡೂ ಕಡೆಯಿಂದ ಬಂದು ಸೇರಬಹುದು.

ಸಂಬಂಧದ ಹತ್ತಿರವನ್ನು ಅಳೆಯುವ ವಿಧಾನವನ್ನು ಅಮೆರಿಕದ ವಿಜ್ಞಾನಿ ಸೆವಾಲ್ ರೈಟ್ 1922ರಲ್ಲಿ ಪ್ರಕಟಿಸಿದರು. ಅದನ್ನು ಒಂದು ಹಾಳೆಯ ಮೇಲೆ ಯಾರಾದರೂ ಮಾಡಬಹುದು. ಮರಿಯ ತಂದೆಯಿಂದ ಹೊರಟು, ಇಬ್ಬರಿಗೂ ಸಮಾನನಾದ ಪೂರ್ವಜನವರೆಗೆ ಏರಿ, ಅಲ್ಲಿಂದ ಮರಿಯ ತಾಯಿಯವರೆಗೆ ಇಳಿಯಬೇಕು. ದಾರಿಯಲ್ಲಿ ಬಂದ ನಾಯಿಗಳನ್ನು, ತಂದೆ ತಾಯಿ ಪೂರ್ವಜ ಮೂರನ್ನೂ ಸೇರಿಸಿ, ಎಣಿಸಬೇಕು. 100ನ್ನು ಅಷ್ಟು ಸಲ ಅರ್ಧ ಮಾಡಬೇಕು. ಮೇಲಿನ ಉದಾಹರಣೆಯಲ್ಲಿ ತಂದೆ, ಅಜ್ಜ, ತಾಯಿ ಎಂದು ಮೂರು ತಲೆ. 100, 50, 25, 12.5. ಆದ್ದರಿಂದ ಆ ಮರಿಯ ಒಳತಳಿ ಪ್ರಮಾಣ ಶೇಕಡಾ 12.5. ಸಮಾನ ಪೂರ್ವಜರು ಒಂದಕ್ಕಿಂತ ಹೆಚ್ಚಿದ್ದರೆ ಪ್ರತಿಯೊಂದು ದಾರಿಯನ್ನೂ ಬೇರೆ ಬೇರೆ ಎಣಿಸಿ ಕೂಡಬೇಕು. ಒಂದೇ ತಂದೆ ತಾಯಿಗೆ ಹುಟ್ಟಿದ ಅಣ್ಣ ತಂಗಿಯರಲ್ಲಿ ಇಂಥ ದಾರಿಗಳು ಎರಡು, ಹಾಗಾಗಿ 25. ತಂದೆಯನ್ನು ಮಗಳಿಗೆ ಕೂಡಿಸಿದರೆ ಎರಡೇ ತಲೆ, ಅದೂ 25. ಸೋದರಮಾವ ಮತ್ತು ಅಕ್ಕನ ಮಗಳು 12.5, ಅಣ್ಣ ತಂಗಿಯರ ಮಕ್ಕಳು 6.25. ಪೂರ್ವಜನೇ ಒಳತಳಿಯಿಂದ ಹುಟ್ಟಿದ್ದರೆ ಆ ದಾರಿಯ ಅಂಕಿ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ.

ಈ ಅಂಕಿಯ ಅರ್ಥವನ್ನು ಒಂದು ದೋಷದ ಮೂಲಕ ನೋಡಬಹುದು. ಇರುಳುಗಣ್ಣಿನಿಂದ ಪ್ರಾರಂಭವಾಗಿ ಪೂರ್ಣ ಕುರುಡಿಗೆ ತಿರುಗುವ ಕಣ್ಣಿನ ಕಾಯಿಲೆ ಅನೇಕ ನಾಯಿ ತಳಿಗಳಲ್ಲಿದೆ. ಅದರ ಹೆಚ್ಚಿನ ಬಗೆಗಳಲ್ಲಿ ದೋಷದ ಗುಣಾಣು ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಯಿಲೆ ಕಾಣಿಸುತ್ತದೆ. ಒಂದೇ ಕಡೆಯಿಂದ ಬಂದ ನಾಯಿ ಜೀವನವಿಡೀ ಆರೋಗ್ಯವಾಗಿಯೇ ಇದ್ದು ದೋಷವನ್ನು ದಾಟಿಸುತ್ತದೆ. ಇಂಥ ಗಂಡನ್ನು ಸಂಬಂಧವಿಲ್ಲದ ನಿರ್ದೋಷಿ ಹೆಣ್ಣಿಗೆ ಕೂಡಿಸಿದರೆ ಯಾವ ಮರಿಗೂ ಕಾಯಿಲೆ ಬಾರದು. ಅದೇ ಗಂಡನ್ನು ಆ ಸೂಲಿನ ಮಗಳಿಗೆ ಕೂಡಿಸಿದರೆ ಸರಾಸರಿ ಎಂಟರಲ್ಲಿ ಒಂದು ಮರಿ ರೋಗಿಯಾಗುತ್ತದೆ. ಕಣ್ಣಿಗೆ ಕಾಣುವ ಇಂಥ ದೋಷಗಳಿಗಿಂತ ಕಾಣದ ನಷ್ಟವೇ ದೊಡ್ಡದು: ಸೂಲಿಗೆ ಮರಿಗಳ ಸಂಖ್ಯೆ ಕಡಿಮೆಯಾಗುವುದು, ಹುಟ್ಟಿದ ಮರಿಗಳು ಸಾಯುವುದು, ಹೆಣ್ಣು ಗಬ್ಬ ನಿಲ್ಲದಿರುವುದು. ಸಾಕುವವರು ಇದನ್ನು ಆಹಾರದ ಅಥವಾ ಹವೆಯ ದೋಷವೆಂದು ತಿಳಿಯುವುದೇ ಹೆಚ್ಚು.

ಹಾಗಾದರೆ ಮಿತಿ ಎಲ್ಲಿ? ಶೇಕಡಾ 25ರ ಜೋಡಿಗಳನ್ನು ರೈತರು ಮಾಡಲೇಬಾರದು. ಬ್ರಿಟನ್ನಿನ ಕೆನಲ್ ಕ್ಲಬ್ 2009ರಿಂದ, ವಿಶೇಷ ಕಾರಣಗಳ ಹೊರತು, ತಂದೆ-ಮಗಳು, ತಾಯಿ-ಮಗ, ಅಣ್ಣ-ತಂಗಿ ಜೋಡಿಗಳ ಮರಿಗಳನ್ನು ನೋಂದಾಯಿಸುವುದನ್ನು ನಿಲ್ಲಿಸಿದೆ. 12.5ನ್ನು, ಪೂರ್ವಜನ ಗುಣ ನಿಜಕ್ಕೂ ಅಸಾಧಾರಣವಾಗಿದ್ದು ಅವನ ಬೇರೆ ಸೂಲುಗಳಲ್ಲಿ ದೋಷ ಕಂಡಿರದಿದ್ದರೆ, ಒಮ್ಮೆ ಮಾಡಬಹುದು. ಹುಟ್ಟಿದ ಮರಿಗಳನ್ನು ಮುಂದೆ ಸಂಬಂಧವಿಲ್ಲದ ವಂಶಕ್ಕೇ ಕೂಡಿಸಬೇಕು. ದಿನನಿತ್ಯದ ಸಾಕಣೆಗೆ 6.25ನ್ನು ಮೀರದಿರುವುದು ಕ್ಷೇಮ.

ಲೆಕ್ಕ ಸುಲಭ, ಆದರೆ ಅದಕ್ಕೆ ಬೇಕಾದ ವಂಶಾವಳಿ ಸುಲಭವಲ್ಲ. ಎರಡೇ ತಲೆಮಾರಿನ ಹೆಸರು ಗೊತ್ತಿದ್ದರೆ ಅಂಕಿ ಸೊನ್ನೆ ಬಂದೀತು, ಅದರಿಂದ ಸಂಬಂಧವಿಲ್ಲವೆಂದಾಗದು. ಕನಿಷ್ಠ ನಾಲ್ಕು ತಲೆಮಾರು, ಆದರೆ ಐದು, ಬರೆದಿಡಬೇಕು. ಹೆಣ್ಣುನಾಯಿಯ ಬೆದೆ ಸುಮಾರು ಮೂರು ವಾರ ಇರುವುದರಿಂದ ಅಷ್ಟು ದಿನವೂ ಅದನ್ನು ಕೂಡಿಹಾಕಬೇಕು. ಎರಡು ಗಂಡುಗಳು ಹತ್ತಿದರೆ ಒಂದೇ ಸೂಲಿನಲ್ಲಿ ಇಬ್ಬರು ತಂದೆಯರ ಮರಿಗಳು ಹುಟ್ಟುವುದುಂಟು, ಆಗ ದಾಖಲೆಯೇ ಸುಳ್ಳಾಗುತ್ತದೆ.

ಕುರಿ ಹಿಂಡಿನಲ್ಲಿ ಎರಡು ವರ್ಷಕ್ಕೊಮ್ಮೆ ಟಗರು ಬದಲಿಸಬೇಕೆಂದು ತಿಳಿದವರೂ ನಾಯಿಯ ವಿಷಯದಲ್ಲಿ ಇದನ್ನು ಮರೆಯುತ್ತಾರೆ. 20 ಹೆಣ್ಣುಗಳಿಗೆ ಎರಡೇ ಗಂಡುಗಳಾದರೆ ಆ ಗುಂಪಿನ ಒಳತಳಿ ಪ್ರಮಾಣ ತಲೆಮಾರಿಗೆ ಸುಮಾರು ಶೇಕಡಾ 7ರಂತೆ ಏರುತ್ತದೆ. ಹತ್ತು ಗಂಡುಗಳಾದರೆ ಏರಿಕೆ 2ಕ್ಕಿಂತ ಕಡಿಮೆ. ಆದ್ದರಿಂದ ಹತ್ತಿರದ ಹಳ್ಳಿಗಳ ಸಾಕಣೆದಾರರು ಸೇರಿ ಬೇರೆ ಬೇರೆ ವಂಶದ ಗಂಡುಗಳನ್ನು ಉಳಿಸಿಕೊಂಡು ಸರದಿಯಂತೆ ಬಳಸುವುದು ಲೇಸು. ಈಗ ಡಿಎನ್‌ಎ ಪರೀಕ್ಷೆಯಿಂದ ಒಂದೇ ಸೂಲಿನ ಮರಿಗಳಲ್ಲಿಯೂ ಯಾವುದು ಹೆಚ್ಚು, ಯಾವುದು ಕಡಿಮೆ ಒಳತಳಿಯದೆಂದು ಅಳೆಯಬಹುದು. ಮುಧೋಳ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದ್ದು, ತಳಿ ಬಗ್ಗೆ ಸಲಹೆ ಬೇಕಾದವರು ಹೆಣ್ಣುನಾಯಿ ಬೆದೆಗೆ ಬರುವ ಮೊದಲೇ ವಂಶಾವಳಿಯೊಡನೆ ವಿಚಾರಿಸಬಹುದು.